ಸಣ್ಣ ಕಂಪನಿ, ಕಡಿಮೆ ಬೆಲೆ: ಮ್ಯೂಚುವಲ್ ಫಂಡ್ ಮೂಲಕ ಹೂಡುವವರಿಗೆ ಸಮಗ್ರ ಮಾರ್ಗದರ್ಶಿ

ಸ್ಮಾಲ್ ಕ್ಯಾಪ್ ಫಂಡ್ ಎಂದರೆ ಸಣ್ಣ ಕಂಪನಿಗಳ ಷೇರು ಕೊಳ್ಳುವ ಫಂಡ್, ಅಷ್ಟೇ. ಆ ಷೇರುಗಳನ್ನು ಅಗ್ಗವಾಗಿಯೇ ಕೊಂಡಿರಬೇಕು ಎಂಬ ಷರತ್ತು ಅದರ ಹೆಸರಿನಲ್ಲೂ ಇಲ್ಲ, ನಿಯಮದಲ್ಲೂ ಇಲ್ಲ. ವರ್ಷಕ್ಕೆ ಷೇರೊಂದಕ್ಕೆ 10 ರೂಪಾಯಿ ಲಾಭ ಗಳಿಸುವ ಸಣ್ಣ ಕಂಪನಿಯ ಷೇರನ್ನು 800 ರೂಪಾಯಿಗೆ ಕೊಂಡರೂ ಅದು ಸ್ಮಾಲ್ ಕ್ಯಾಪ್ ಹೂಡಿಕೆಯೇ. ಹಾಗೆ ಕೊಂಡವರು ಕಂಪನಿಯ ಭವಿಷ್ಯಕ್ಕೆ ಮುಂಗಡವಾಗಿಯೇ ಪೂರ್ತಿ ಬೆಲೆ ತೆತ್ತಿರುತ್ತಾರೆ. ನಮಗೆ ಬೇಕಾದದ್ದು ಬೇರೆ: ಗಳಿಕೆ ಇದೆ, ಆಸ್ತಿ ಇದೆ, ಆದರೆ ಮಾರುಕಟ್ಟೆ ಇನ್ನೂ ಬೆಲೆ ಕೊಟ್ಟಿಲ್ಲ ಎನ್ನುವಂಥ ಸಣ್ಣ ಕಂಪನಿಗಳು.

ಸಣ್ಣ ಗಾತ್ರ, ಅಗ್ಗದ ಬೆಲೆ ಇವೆರಡನ್ನೂ ಒಟ್ಟಿಗೆ ಕೊಡುವ ಪ್ರತ್ಯೇಕ ವರ್ಗ ನಮ್ಮ ದೇಶದಲ್ಲಿ ಇಲ್ಲ. ಹುಡುಕಿಯೇ ತೆಗೆಯಬೇಕು. ಹುಡುಕುವುದು ಹೇಗೆ, ಎಷ್ಟು ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ನಿಯಮ ಏನು ಹೇಳುತ್ತದೆ

ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2017ರ ಅಕ್ಟೋಬರ್‌ನಲ್ಲಿ ಫಂಡ್‌ಗಳನ್ನು ವರ್ಗಗಳಾಗಿ ವಿಂಗಡಿಸಿತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳು ಲಾರ್ಜ್ ಕ್ಯಾಪ್, 101ರಿಂದ 250ರವರೆಗಿನವು ಮಿಡ್ ಕ್ಯಾಪ್, 251ರಿಂದ ಮುಂದಿನವೆಲ್ಲ ಸ್ಮಾಲ್ ಕ್ಯಾಪ್. ಈ ಪಟ್ಟಿಯನ್ನು ಫಂಡ್ ಸಂಸ್ಥೆಗಳ ಒಕ್ಕೂಟವಾದ ಆಂಫಿ ವರ್ಷಕ್ಕೆ ಎರಡು ಬಾರಿ ಪರಿಷ್ಕರಿಸುತ್ತದೆ. ಸ್ಮಾಲ್ ಕ್ಯಾಪ್ ಫಂಡ್ ತನ್ನ ಹಣದಲ್ಲಿ ಕನಿಷ್ಠ ಶೇ 65ರಷ್ಟನ್ನು ಈ ಕೊನೆಯ ಗುಂಪಿನಲ್ಲಿ ಇಡಲೇಬೇಕು. ಉಳಿದದ್ದನ್ನು ಎಲ್ಲಿಡಬೇಕು ಎಂಬುದು ಫಂಡ್ ಮ್ಯಾನೇಜರ್‌ಗೆ ಬಿಟ್ಟದ್ದು.

'ಸಣ್ಣ' ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ವಿಂಗಡಣೆ ಶುರುವಾದ ಕಾಲಕ್ಕೆ 251ನೆಯ ಕಂಪನಿಯ ಮಾರುಕಟ್ಟೆ ಮೌಲ್ಯ 10,000 ಕೋಟಿ ರೂಪಾಯಿಗೂ ಕಡಿಮೆ ಇತ್ತು. 2025ರ ಹೊತ್ತಿಗೆ ಅದು 30,000 ಕೋಟಿಯ ಆಸುಪಾಸಿಗೆ ಬಂತು. ಪೀಣ್ಯದಲ್ಲಿ ಎರಡು ಶೆಡ್ ಇಟ್ಟುಕೊಂಡವರನ್ನು ಸಣ್ಣ ಉದ್ಯಮಿ ಎನ್ನುವ ನಮಗೆ ಇದು ಸಣ್ಣದು ಅನ್ನಿಸುವುದಿಲ್ಲ. ಆದರೆ ಷೇರುಪೇಟೆಯ ಲೆಕ್ಕವೇ ಬೇರೆ.

ಇನ್ನೊಂದು ವರ್ಗ ವ್ಯಾಲ್ಯೂ ಫಂಡ್. ಅಗ್ಗದ ಷೇರು ಹುಡುಕುವುದೇ ಅದರ ಕೆಲಸ. ಆದರೆ ಕಂಪನಿಯ ಗಾತ್ರದ ಬಗ್ಗೆ ಅದಕ್ಕೆ ಯಾವ ಕಟ್ಟುಪಾಡೂ ಇಲ್ಲದ ಕಾರಣ, ಹೆಚ್ಚಿನ ವ್ಯಾಲ್ಯೂ ಫಂಡ್‌ಗಳ ಮೇಲಿನ ಹತ್ತು ಹೆಸರುಗಳು ನಮಗೆಲ್ಲ ಗೊತ್ತಿರುವ ದೊಡ್ಡ ಬ್ಯಾಂಕುಗಳು, ಐಟಿ ಕಂಪನಿಗಳು, ತೈಲ ಕಂಪನಿಗಳೇ ಆಗಿರುತ್ತವೆ. ಅಂದರೆ ಒಂದು ವರ್ಗ ಗಾತ್ರದ ಭರವಸೆ ಕೊಡುತ್ತದೆ, ಇನ್ನೊಂದು ಶೈಲಿಯ ಭರವಸೆ ಕೊಡುತ್ತದೆ. ಎರಡೂ ಒಟ್ಟಿಗೆ ಬೇಕಾದವರು ಹಣೆಪಟ್ಟಿಯನ್ನು ಬಿಟ್ಟು ಒಳಗಿರುವ ಷೇರುಗಳನ್ನು ನೋಡಬೇಕಾಗುತ್ತದೆ.

ಇಷ್ಟೆಲ್ಲ ತಾಪತ್ರಯ ಏಕೆ ಎಂದರೆ, ಅದಕ್ಕೊಂದು ಹಿನ್ನೆಲೆ ಇದೆ. ಅಮೆರಿಕದ ಯೂಜೀನ್ ಫಾಮಾ ಮತ್ತು ಕೆನ್ನೆತ್ ಫ್ರೆಂಚ್ ಎಂಬ ಪ್ರಾಧ್ಯಾಪಕರು 1963ರಿಂದ 1990ರವರೆಗಿನ ಷೇರು ಬೆಲೆಗಳನ್ನು ಜಾಲಾಡಿ 1992ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸಣ್ಣ ಕಂಪನಿಗಳು ಹಾಗೂ ಪುಸ್ತಕ ಮೌಲ್ಯಕ್ಕೆ (ಲೆಕ್ಕಪುಸ್ತಕದ ಪ್ರಕಾರ ಬಾಕಿಗಳೆಲ್ಲ ಕಳೆದು ಉಳಿಯುವ ಆಸ್ತಿಗೆ) ಹೋಲಿಸಿದರೆ ಅಗ್ಗವಾಗಿದ್ದ ಕಂಪನಿಗಳು ಸರಾಸರಿಯಲ್ಲಿ ಹೆಚ್ಚು ಗಳಿಸಿಕೊಟ್ಟಿದ್ದವು ಎಂಬುದು ಅದರ ತಿರುಳು. ಅಲ್ಲಿಂದ ಮುಂದೆ ಆ ದೇಶದಲ್ಲಿ ಸಣ್ಣ ಮತ್ತು ಅಗ್ಗದ ಷೇರುಗಳಿಗಾಗಿಯೇ ಮೀಸಲಾದ ಫಂಡ್‌ಗಳು ಸಾಲುಗಟ್ಟಿ ಬಂದವು. ಅದೇ ಅಮೆರಿಕದಲ್ಲಿ 2007ರಿಂದ 2020ರವರೆಗೆ ಅಗ್ಗದ ಷೇರುಗಳು ದುಬಾರಿ ಷೇರುಗಳ ಹಿಂದೆ ಕುಂಟುತ್ತಲೇ ಇದ್ದವು ಎಂಬುದನ್ನು ಫಂಡ್ ಮಾರುವವರು ಹೇಳುವುದಿಲ್ಲ. ಸರಾಸರಿ ಎಂಬುದು ಬಹಳ ದೀರ್ಘ ಕಾಲದ ಮಾತು.

ಅಗ್ಗ ಎಂದರೆ ಏನು: ಮಂಗಳೂರಿನ ಒಂದು ಉದಾಹರಣೆ

ಷೇರಿನ ಬೆಲೆ 40 ರೂಪಾಯಿ ಇದ್ದರೆ ಅಗ್ಗ, 4,000 ಇದ್ದರೆ ದುಬಾರಿ ಎಂದಲ್ಲ. ಬೆಲೆಯನ್ನು ಯಾವುದಾದರೂ ಒಂದರ ಎದುರು ಇಟ್ಟು ನೋಡಬೇಕು. ಲಾಭದ ಎದುರು ಇಟ್ಟರೆ ಪಿ/ಇ, ಪುಸ್ತಕ ಮೌಲ್ಯದ ಎದುರು ಇಟ್ಟರೆ ಪಿ/ಬಿ. ಇವುಗಳ ಜೊತೆಗೆ ಲಾಭಾಂಶ, ಮಾರಾಟ, ಕೈಗೆ ಬರುವ ನಗದು ಇವೂ ಅಳತೆಗೋಲುಗಳೇ.

ಕರ್ನಾಟಕ ಬ್ಯಾಂಕ್ ಅನ್ನು ತೆಗೆದುಕೊಳ್ಳಿ. 1924ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು ಇದು. ಕೊಳ್ಳಿ ಎಂದಾಗಲಿ ಬಿಡಿ ಎಂದಾಗಲಿ ಹೇಳುವುದಕ್ಕಲ್ಲ, ನಮಗೆಲ್ಲ ಗೊತ್ತಿರುವ ಕಂಪನಿ ಎಂಬ ಕಾರಣಕ್ಕೆ ಆರಿಸಿದ್ದೇನೆ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಭಯದ ನಡುವೆ, ಈ ಷೇರು 50 ರೂಪಾಯಿಗಿಂತ ಕೆಳಗೆ ಸಿಗುತ್ತಿತ್ತು. ಆಗ ಷೇರೊಂದರ ಪುಸ್ತಕ ಮೌಲ್ಯ 180 ರೂಪಾಯಿಯ ಸುತ್ತಮುತ್ತ ಇತ್ತು. ಅಂದರೆ ಬ್ಯಾಂಕು ಕೊಡಬೇಕಾದ ಬಾಕಿಗಳೆಲ್ಲ ಕಳೆದು ಉಳಿಯುವ ಆಸ್ತಿಯ ಕಾಲು ಭಾಗಕ್ಕೆ ಮಾರುಕಟ್ಟೆ ಅದನ್ನು ಮಾರುತ್ತಿತ್ತು. 2019-20ರಲ್ಲಿ ಸುಮಾರು 430 ಕೋಟಿ ರೂಪಾಯಿ ಇದ್ದ ವಾರ್ಷಿಕ ಲಾಭ 2023-24ರಲ್ಲಿ 1,300 ಕೋಟಿ ದಾಟಿತು. ಷೇರು 2024ರ ಆರಂಭದಲ್ಲಿ 250 ರೂಪಾಯಿ ಮೀರಿತು. ಆಗಲೂ ಅದು ಪುಸ್ತಕ ಮೌಲ್ಯದ ಆಸುಪಾಸಿನಲ್ಲೇ ಇತ್ತು ಎಂಬುದನ್ನು ಗಮನಿಸಿ. ಲಾಭ ಮೂರು ಪಟ್ಟು, ಬೆಲೆ ಐದು ಪಟ್ಟಿಗೂ ಹೆಚ್ಚು: ಬೆಲೆ ತೀರಾ ಕುಸಿದಿದ್ದರಿಂದಲೇ ಈ ಅಂತರ ಸಾಧ್ಯವಾಯಿತು.

ಇಷ್ಟು ಓದಿ ಪುಸ್ತಕ ಮೌಲ್ಯಕ್ಕಿಂತ ಕೆಳಗಿರುವ ಷೇರುಗಳ ಪಟ್ಟಿ ಮಾಡಲು ಹೊರಡಬೇಡಿ. ಬ್ಯಾಂಕಿನ ಪುಸ್ತಕ ಮೌಲ್ಯ ನಂಬಿಕೆಗೆ ಅರ್ಹವಾಗಬೇಕಾದರೆ ಅದು ಕೊಟ್ಟ ಸಾಲ ವಾಪಸು ಬರಬೇಕು. 2020ರಲ್ಲಿ ಆ ಭರವಸೆ ಯಾರಿಗೂ ಇರಲಿಲ್ಲ. ಹಾಗೆಯೇ ಅಗ್ಗವಾಗಿ ಕಾಣುತ್ತಿದ್ದ ಎಷ್ಟೋ ಕಂಪನಿಗಳು ಮುಂದೆ ದಿವಾಳಿಯಾಗಿವೆ. ಸಂತೆ ಮುಗಿಯುವ ಹೊತ್ತಿಗೆ ಅರ್ಧ ಬೆಲೆಗೆ ಸಿಗುವ ತರಕಾರಿಯಲ್ಲಿ ಒಳ್ಳೆಯದೂ ಇರುತ್ತದೆ, ಕೊಳೆತದ್ದೂ ಇರುತ್ತದೆ. ಬುಟ್ಟಿಗೆ ಕೈ ಹಾಕಿ ನೋಡದೆ ತಂದರೆ ಅಗ್ಗವೂ ನಷ್ಟವೇ. ಪ್ರವರ್ತಕರು, ಅಂದರೆ ಕಂಪನಿ ಕಟ್ಟಿ ನಡೆಸುವ ಮಾಲೀಕರು, ತಮ್ಮ ಷೇರುಗಳನ್ನು ಅಡ ಇಟ್ಟಿದ್ದಾರೆಯೇ, ಲಾಭ ಕಾಗದದ ಮೇಲಷ್ಟೇ ಇದೆಯೇ ಅಥವಾ ನಗದಾಗಿ ಬರುತ್ತಿದೆಯೇ, ಲೆಕ್ಕ ಪರಿಶೋಧಕರು ನಡುವೆ ರಾಜೀನಾಮೆ ಕೊಟ್ಟು ಹೋದರೇ, ಪ್ರವರ್ತಕರ ಬೇರೆ ಕಂಪನಿಗಳಿಗೆ ಹಣ ಸಾಗುತ್ತಿದೆಯೇ: ಇವನ್ನೆಲ್ಲ ಕಂಪನಿ ಕಂಪನಿಯಾಗಿ ನೋಡಬೇಕು. ಸಣ್ಣ ಕಂಪನಿಗಳ ಬಗ್ಗೆ ಬರೆಯುವ ವಿಶ್ಲೇಷಕರೂ ಕಡಿಮೆ. ಬೆಲೆ ತಪ್ಪಾಗಿ ಉಳಿಯುವುದಕ್ಕೆ ಅದೂ ಒಂದು ಕಾರಣ, ಸಾಮಾನ್ಯ ಹೂಡಿಕೆದಾರ ಮೋಸಹೋಗುವುದಕ್ಕೂ ಅದೇ ಕಾರಣ. ಈ ಕೆಲಸಕ್ಕೆ ಸಮಯ ಇಲ್ಲದವರು ಫಂಡ್ ಮೂಲಕ ಹೋಗುವುದು ಬುದ್ಧಿವಂತಿಕೆ. ಐವತ್ತರಿಂದ ನೂರು ಕಂಪನಿಗಳಲ್ಲಿ ಎರಡು ಮುಳುಗಿದರೂ ಉಳಿದವು ತೇಲಿಸುತ್ತವೆ.

ಹೆಜ್ಜೆ 1: ನಿಮ್ಮ ಹಣಕ್ಕೆ ಈ ತಾಳ್ಮೆ ಇದೆಯೇ

ಬಿಎಸ್‌ಇ ಸ್ಮಾಲ್ ಕ್ಯಾಪ್ ಸೂಚ್ಯಂಕ 2008ರ ಜನವರಿಯಲ್ಲಿ 14,000 ದಾಟಿತ್ತು. ಮುಂದಿನ ವರ್ಷದ ಮಾರ್ಚ್ ಹೊತ್ತಿಗೆ ಅದು 3,000ದ ಆಸುಪಾಸಿಗೆ ಇಳಿದಿತ್ತು. ಮತ್ತೆ ಹಳೆಯ ಎತ್ತರ ಮುಟ್ಟಿದ್ದು 2017ರಲ್ಲಿ. ಅಂದರೆ ತುದಿಯಲ್ಲಿ ಇಡಿಗಂಟು ಹಾಕಿದವರು, ಲಾಭಾಂಶ ಬಿಟ್ಟರೆ, ಅಸಲು ಕಾಣುವುದಕ್ಕೆ ಒಂಬತ್ತು ವರ್ಷ ಕಾದರು. 2018ರ ಜನವರಿಯಿಂದ 2020ರ ಮಾರ್ಚ್‌ವರೆಗೆ ನಿಫ್ಟಿ ಸ್ಮಾಲ್ ಕ್ಯಾಪ್ 100 ಸೂಚ್ಯಂಕ ಸುಮಾರು ಮೂರರಲ್ಲಿ ಎರಡು ಭಾಗ ಕರಗಿತು. 2024ರ ಸೆಪ್ಟೆಂಬರ್‌ನಿಂದ 2025ರ ಫೆಬ್ರುವರಿಯ ನಡುವೆ ನಿಫ್ಟಿ ಸ್ಮಾಲ್ ಕ್ಯಾಪ್ 250 ಸೂಚ್ಯಂಕ ಸುಮಾರು ಕಾಲು ಭಾಗ ಕುಸಿಯಿತು.

ಶೇ 60ರಷ್ಟು ಬಿದ್ದ ಹಣ ಮೊದಲಿನಷ್ಟಾಗಲು ಶೇ 60ರಷ್ಟು ಏರಿದರೆ ಸಾಲದು, ಶೇ 150ರಷ್ಟು ಏರಬೇಕು. 1 ಲಕ್ಷ 40,000 ಆದ ಮೇಲೆ ಮತ್ತೆ 1 ಲಕ್ಷವಾಗುವುದೆಂದರೆ ಎರಡೂವರೆ ಪಟ್ಟಾಗಬೇಕು. ಈ ಲೆಕ್ಕವನ್ನು ಹಾಳೆಯ ಮೇಲೆ ಒಮ್ಮೆ ಬರೆದು ನೋಡಿ, ಆಮೇಲೆ ಮುಂದಿನ ಹೆಜ್ಜೆ ಇಡಿ.

ಆದ್ದರಿಂದ ಏಳು ವರ್ಷದೊಳಗೆ ಬೇಕಾಗುವ ಹಣ ಇಲ್ಲಿಗೆ ಬೇಡ. ಮಗಳ ಸೀಟಿನ ಶುಲ್ಕ, ಸೈಟಿನ ಮುಂಗಡ, ತಂದೆಯ ಶಸ್ತ್ರಚಿಕಿತ್ಸೆಯ ಹಣ ಬ್ಯಾಂಕ್ ಠೇವಣಿಯಲ್ಲೋ ಅಲ್ಪಾವಧಿಯ ಸಾಲಪತ್ರಗಳಲ್ಲಿ ಹಣ ಇಡುವ ಲಿಕ್ವಿಡ್ ಫಂಡ್‌ನಲ್ಲೋ ಇರಲಿ. ಆರು ತಿಂಗಳ ಮನೆಖರ್ಚು ಪಕ್ಕಕ್ಕೆ ಇಲ್ಲದವರು, ಆರೋಗ್ಯ ವಿಮೆ ಇಲ್ಲದವರು, ಕ್ರೆಡಿಟ್ ಕಾರ್ಡ್ ಬಾಕಿ ಇರುವವರು ಮೊದಲು ಅವನ್ನು ಸರಿಮಾಡಿಕೊಳ್ಳಲಿ. ಷೇರು ಫಂಡ್‌ಗಳಿಗೇ ಹೊಸಬರಾದರೆ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಒಂದು ನಿಫ್ಟಿ 50 ಇಂಡೆಕ್ಸ್ ಫಂಡ್‌ನಿಂದ ಶುರುಮಾಡಿ, ಒಂದು ಏರಿಳಿತ ಕಂಡ ಮೇಲೆ ಇತ್ತ ಬನ್ನಿ.

ಎಷ್ಟು ಹಾಕಬೇಕು? ನಿಮ್ಮ ಒಟ್ಟು ಷೇರು ಹೂಡಿಕೆಯ ಶೇ 15ರಿಂದ 20 ಸಾಕು ಎಂಬುದು ನನ್ನ ಅಭಿಪ್ರಾಯ. ತಿಂಗಳಿಗೆ 20,000 ರೂಪಾಯಿಯ ಎಸ್‌ಐಪಿ (ತಿಂಗಳ ಕಂತಿನ ಹೂಡಿಕೆ) ಕಟ್ಟುವವರಿಗೆ 3,000ದಿಂದ 4,000. ಅದಕ್ಕಿಂತ ಹೆಚ್ಚು ಹಾಕಿದವರು ಕುಸಿತದ ನಡುವೆ ನಿದ್ದೆಗೆಟ್ಟು ಮಾರಿಬಿಡುತ್ತಾರೆ. ಕಡಿಮೆ ಬೆಲೆಗೆ ಮಾರುವ ಅಂಥವರಿಂದಲೇ ಫಂಡ್ ಮ್ಯಾನೇಜರ್‌ಗಳಿಗೆ ಅಗ್ಗದ ಷೇರು ಸಿಗುತ್ತದೆ ಎಂಬುದು ಈ ಪೇಟೆಯ ಕ್ರೂರ ಸತ್ಯ.

ಹೆಜ್ಜೆ 2: ಫಂಡ್ ಆರಿಸುವುದು

ಕಳೆದ ವರ್ಷ ಯಾವುದು ಹೆಚ್ಚು ಗಳಿಸಿತು ಎಂಬ ಪಟ್ಟಿ ತೆರೆದು ಮೊದಲ ಹೆಸರಿಗೆ ಹಣ ಹಾಕುವುದು ಎಲ್ಲರೂ ಮಾಡುವ ಕೆಲಸ. ಅಗ್ಗದ ಷೇರುಗಳನ್ನು ಹುಡುಕುವವರಿಗೆ ಅದು ತದ್ವಿರುದ್ಧದ ದಾರಿ. ಪೇಟೆ ಕಾವೇರಿದಾಗ ಬೆಲೆಯ ಬಗ್ಗೆ ಎಚ್ಚರ ಇರುವ ಫಂಡ್ ಹಿಂದೆಯೇ ಬೀಳುತ್ತದೆ.

ಪ್ರತಿ ಫಂಡ್ ಸಂಸ್ಥೆ ತಿಂಗಳಿಗೊಮ್ಮೆ ತನ್ನ ಜಾಲತಾಣದಲ್ಲಿ ಫ್ಯಾಕ್ಟ್‌ಶೀಟ್ (ಫಂಡ್‌ನ ಮುಖ್ಯ ಅಂಕಿಅಂಶಗಳ ಪತ್ರ) ಮತ್ತು ಪೂರ್ಣ ಷೇರುಪಟ್ಟಿಯನ್ನು ಹಾಕುತ್ತದೆ. ಮೂರು ನಾಲ್ಕು ಸ್ಮಾಲ್ ಕ್ಯಾಪ್ ಫಂಡ್‌ಗಳ ಫ್ಯಾಕ್ಟ್‌ಶೀಟ್ ಇಳಿಸಿಕೊಂಡು ಒಂದು ಭಾನುವಾರದ ಬೆಳಗ್ಗೆ ಅವುಗಳಿಗೆ ಕೊಡಿ. ನೋಡಬೇಕಾದ್ದು ಇಷ್ಟು.

ಮೊದಲನೆಯದು ಫಂಡ್‌ನ ಪಿ/ಇ ಮತ್ತು ಪಿ/ಬಿ. ಇದನ್ನು ನಿಫ್ಟಿ ಸ್ಮಾಲ್ ಕ್ಯಾಪ್ 250 ಸೂಚ್ಯಂಕದ ಅದೇ ಸಂಖ್ಯೆಗಳ ಜೊತೆ ಹೋಲಿಸಿ. ಸೂಚ್ಯಂಕದ ಸಂಖ್ಯೆಗಳು ನಿಫ್ಟಿ ಸೂಚ್ಯಂಕಗಳ ಜಾಲತಾಣದಲ್ಲಿ ದಿನವೂ ಸಿಗುತ್ತವೆ. ಫಂಡ್‌ನ ಪಿ/ಇ ಸೂಚ್ಯಂಕಕ್ಕಿಂತ ಎದ್ದು ಕಾಣುವಷ್ಟು ಕಡಿಮೆ ಇದ್ದು, ಒಂದು ತಿಂಗಳಲ್ಲ, ಹಲವು ವರ್ಷಗಳ ಫ್ಯಾಕ್ಟ್‌ಶೀಟ್‌ಗಳಲ್ಲೂ ಹಾಗೆಯೇ ಇದ್ದರೆ ಆ ಮ್ಯಾನೇಜರ್‌ಗೆ ಬೆಲೆಯ ಪ್ರಜ್ಞೆ ಇದೆ ಎಂದರ್ಥ. ಒಂದು ಎಚ್ಚರಿಕೆ: 2021ರ ಮಾರ್ಚ್ ಅಂತ್ಯದವರೆಗೆ ಎನ್‌ಎಸ್‌ಇ ಸೂಚ್ಯಂಕಗಳ ಪಿ/ಇ ಲೆಕ್ಕ ಹಾಕುವಾಗ ಕಂಪನಿಯ ಲಾಭವನ್ನಷ್ಟೇ ಪರಿಗಣಿಸಲಾಗುತ್ತಿತ್ತು. ಆಮೇಲೆ ಅಂಗಸಂಸ್ಥೆಗಳ ಲಾಭವನ್ನೂ ಸೇರಿಸಿದ ಕ್ರೋಡೀಕೃತ ಲೆಕ್ಕ ಬಂತು. ಆದ್ದರಿಂದ 2018ರ ಪಿ/ಇ ಮತ್ತು ಇಂದಿನ ಪಿ/ಇ ಒಂದೇ ನಕ್ಷೆಯಲ್ಲಿಟ್ಟು 'ಆಗಿನದಕ್ಕಿಂತ ಈಗ ಅಗ್ಗ' ಎನ್ನುವವರ ಮಾತನ್ನು ನಂಬಬೇಡಿ.

ಎರಡನೆಯದು ಗಾತ್ರ, ಮತ್ತು ಇಡೀ ಆಯ್ಕೆಯಲ್ಲಿ ಇದೇ ನಿರ್ಣಾಯಕ ಎಂದು ನಾನು ತಿಳಿದಿದ್ದೇನೆ. ಲೆಕ್ಕ ಹಾಕಿ ನೋಡಿ. ಫಂಡ್ ಒಂದರಲ್ಲಿ 30,000 ಕೋಟಿ ರೂಪಾಯಿ ಇದೆ. ಮ್ಯಾನೇಜರ್ ಕಣ್ಣಿಗೆ 2,000 ಕೋಟಿ ಮೌಲ್ಯದ ಒಂದು ಒಳ್ಳೆಯ, ಅಗ್ಗದ ಕಂಪನಿ ಬಿತ್ತು. ಒಂದು ಫಂಡ್ ಸಂಸ್ಥೆ ತನ್ನ ಎಲ್ಲ ಯೋಜನೆಗಳನ್ನೂ ಸೇರಿಸಿ ಒಂದು ಕಂಪನಿಯ ಶೇ 10ಕ್ಕಿಂತ ಹೆಚ್ಚು ಷೇರು ಇಟ್ಟುಕೊಳ್ಳುವಂತಿಲ್ಲ ಎಂಬುದು ಸೆಬಿ ನಿಯಮ. ಅಂದರೆ ಕೊಳ್ಳಬಹುದಾದದ್ದು ಗರಿಷ್ಠ 200 ಕೋಟಿ. ಅದು ಫಂಡ್‌ನ ಶೇ 0.67. ಆ ಷೇರು ದುಪ್ಪಟ್ಟಾದರೂ ನಿಮ್ಮ ಎನ್‌ಎವಿ (ಫಂಡ್‌ನ ಒಂದು ಯೂನಿಟ್‌ನ ಬೆಲೆ) ಏರುವುದು ಶೇ 0.67 ಮಾತ್ರ. ಇಂಥ ಫಂಡ್ ಒಂದೋ ನೂರೈವತ್ತು, ಇನ್ನೂರು ಕಂಪನಿಗಳಲ್ಲಿ ಹಣ ಹರಡಬೇಕು, ಇಲ್ಲವೇ ಮೇಲಿನ ದೊಡ್ಡ ಕಂಪನಿಗಳ ಕಡೆ ಹೋಗಬೇಕು. ಅದೇ 200 ಕೋಟಿಯ ಕೊಳ್ಳುವಿಕೆ 4,000 ಕೋಟಿಯ ಫಂಡ್‌ನಲ್ಲಿ ಶೇ 5 ಆಗುತ್ತದೆ.

ಇದು ಬರೀ ಊಹೆಯ ಮಾತಲ್ಲ. 2004ರಲ್ಲಿ ಶುರುವಾದ ಐಸಿಐಸಿಐ ಪ್ರುಡೆನ್ಶಿಯಲ್ ಡಿಸ್ಕವರಿ ಫಂಡ್ ಆರಂಭದ ವರ್ಷಗಳಲ್ಲಿ ಮಧ್ಯಮ ಮತ್ತು ಸಣ್ಣ ಗಾತ್ರದ ಅಗ್ಗದ ಷೇರುಗಳಿಗೆ ಹೆಸರಾಗಿತ್ತು. ಹಣ ಹರಿದುಬಂದು ಗಾತ್ರ ಬೆಳೆದಂತೆ ಅದು ದೊಡ್ಡ ಕಂಪನಿಗಳ ಕಡೆ ವಾಲಿತು. ಅಗ್ಗದ್ದನ್ನು ಹುಡುಕುವ ಶೈಲಿ ಉಳಿಯಿತು, ಸಣ್ಣ ಕಂಪನಿಗಳ ಪಾಲು ಕರಗಿತು. ಇನ್ನು ಕೆಲವು ಸಂಸ್ಥೆಗಳು ಬೇರೆ ದಾರಿ ಹಿಡಿದವು. ಈಗಿನ ಡಿಎಸ್‌ಪಿ ಸ್ಮಾಲ್ ಕ್ಯಾಪ್ ಫಂಡ್ ಮೈಕ್ರೋ ಕ್ಯಾಪ್ ಎಂಬ ಹೆಸರಿನಲ್ಲಿದ್ದಾಗ 2017ರ ಫೆಬ್ರುವರಿಯಲ್ಲಿ ಹೊಸ ಹೂಡಿಕೆಗೆ ಬಾಗಿಲು ಮುಚ್ಚಿತು, 2018ರಲ್ಲಿ ಮತ್ತೆ ತೆರೆಯಿತು. 2023ರಲ್ಲಿ ಕೆಲವು ಸ್ಮಾಲ್ ಕ್ಯಾಪ್ ಫಂಡ್‌ಗಳು ಇಡಿಗಂಟು ತೆಗೆದುಕೊಳ್ಳುವುದನ್ನು ನಿಲ್ಲಿಸಿದವು. ಹಣ ಬೇಡ ಎನ್ನುವ ಫಂಡ್‌ಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ನಿರ್ವಹಣಾ ಶುಲ್ಕ ಬರುವುದೇ ಹಣದ ಗಾತ್ರದಿಂದ, ಅದನ್ನು ಬಿಟ್ಟುಕೊಡುವುದು ಸುಲಭವಲ್ಲ.

ಮೂರನೆಯದು ಒತ್ತಡ ಪರೀಕ್ಷೆ. 2024ರ ಮಾರ್ಚ್‌ನಿಂದ ಎಲ್ಲ ಮಿಡ್ ಮತ್ತು ಸ್ಮಾಲ್ ಕ್ಯಾಪ್ ಫಂಡ್‌ಗಳು ತಮ್ಮ ಷೇರುಗಳ ಕಾಲು ಭಾಗ ಮತ್ತು ಅರ್ಧ ಭಾಗ ಮಾರಲು ಎಷ್ಟು ದಿನ ಬೇಕು ಎಂಬುದನ್ನು ಪ್ರತಿ ತಿಂಗಳೂ ಪ್ರಕಟಿಸುತ್ತಿವೆ. ಆಂಫಿ ಜಾಲತಾಣದಲ್ಲಿ ಎಲ್ಲವೂ ಒಂದೆಡೆ ಸಿಗುತ್ತದೆ. ಮೊದಲ ಬಾರಿ ಪ್ರಕಟವಾದಾಗ ಕೆಲವು ದೊಡ್ಡ ಫಂಡ್‌ಗಳಿಗೆ ಅರ್ಧ ಮಾರಲು ತಿಂಗಳಿಗೂ ಹೆಚ್ಚು ಬೇಕು ಎಂಬುದು ಬಯಲಾಯಿತು. ಮಾರಾಟಕ್ಕೆ ಅತಿ ಕಷ್ಟವಾದ ಶೇ 20ರಷ್ಟು ಷೇರುಗಳನ್ನು ಬದಿಗಿಟ್ಟು ಮಾಡುವ ಲೆಕ್ಕ ಇದು ಎಂಬುದು ನೆನಪಿರಲಿ. ನಿಜವಾದ ಗಾಬರಿಯಲ್ಲಿ ದಿನಗಳು ಇನ್ನೂ ಹೆಚ್ಚಾಗುತ್ತವೆ. ಆದರೂ ಎರಡು ಫಂಡ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಇದಕ್ಕಿಂತ ಒಳ್ಳೆಯ ಸಂಖ್ಯೆ ಇಲ್ಲ.

ಇನ್ನು ಗಳಿಕೆ. ಒಂದು ದಿನದಿಂದ ಇನ್ನೊಂದು ದಿನದವರೆಗಿನ ಗಳಿಕೆ ಬಿಟ್ಟು, ರೋಲಿಂಗ್ ರಿಟರ್ನ್ ನೋಡಿ. ಬೇರೆ ಬೇರೆ ದಿನ ಹಣ ಹಾಕಿ ಐದೋ ಏಳೋ ವರ್ಷ ಇಟ್ಟವರಿಗೆ ಅತಿ ಹೆಚ್ಚು, ಅತಿ ಕಡಿಮೆ, ಸರಾಸರಿ ಎಷ್ಟು ಸಿಕ್ಕಿತು ಎಂದು ಅದು ಹೇಳುತ್ತದೆ. 2018ರ ಜನವರಿಯಿಂದ 2020ರ ಮಾರ್ಚ್‌ವರೆಗೆ ಫಂಡ್ ಎಷ್ಟು ಬಿತ್ತು, ಸೂಚ್ಯಂಕ ಎಷ್ಟು ಬಿತ್ತು ಎಂಬುದನ್ನು ಬೇರೆಯಾಗಿ ನೋಡಿ. ಆಗಿನ ಮ್ಯಾನೇಜರ್ ಈಗಲೂ ಇದ್ದಾರೆಯೇ ಎಂದು ಕೇಳಿಕೊಳ್ಳಿ. ಇಲ್ಲದಿದ್ದರೆ ಆ ದಾಖಲೆ ಬೇರೆಯವರದ್ದು.

ಉಳಿದದ್ದು ಬೇಗ ಮುಗಿಯುತ್ತದೆ. ಷೇರುಗಳ ಅದಲುಬದಲು ವರ್ಷದಲ್ಲಿ ವಿಪರೀತ ಇದ್ದರೆ ಅದು ಬೆಲೆ ಹುಡುಕುವ ಫಂಡ್ ಅಲ್ಲ, ಓಟದ ಹಿಂದೆ ಓಡುವ ಫಂಡ್. ನಗದು ಶೇ 10ಕ್ಕೂ ಹೆಚ್ಚಿದ್ದರೆ ಏಕೆಂದು ಮ್ಯಾನೇಜರ್‌ನ ಟಿಪ್ಪಣಿ ಓದಿ. ಕೊಳ್ಳಲು ಅಗ್ಗದ್ದೇನೂ ಸಿಗುತ್ತಿಲ್ಲ ಎಂಬುದೂ ಪ್ರಾಮಾಣಿಕ ಉತ್ತರವೇ. ಫಂಡ್‌ನ ಅಪಾಯದ ಮಟ್ಟ ತೋರಿಸುವ ರಿಸ್ಕೋಮೀಟರ್ ಮುಳ್ಳು ಈ ವರ್ಗದ ಎಲ್ಲ ಫಂಡ್‌ಗಳಲ್ಲೂ 'ಅತಿ ಹೆಚ್ಚು' ಎಂದೇ ತೋರಿಸುವುದರಿಂದ ಆಯ್ಕೆಗೆ ಅದರಿಂದ ಉಪಯೋಗವಿಲ್ಲ.

ಮ್ಯಾನೇಜರ್ ಮೇಲೆ ನಂಬಿಕೆ ಇಡಲು ಮನಸ್ಸಿಲ್ಲದವರಿಗೆ ಇಂಡೆಕ್ಸ್ ಫಂಡ್ ಇದೆ. ನಿಫ್ಟಿ ಸ್ಮಾಲ್ ಕ್ಯಾಪ್ 250 ಫಂಡ್‌ನ ಖರ್ಚು ಕಡಿಮೆ, ಆದರೆ ಅದು 251ರಿಂದ 500ರವರೆಗಿನ ಎಲ್ಲವನ್ನೂ ದುಬಾರಿ ಅಗ್ಗ ಎನ್ನದೆ ಕೊಳ್ಳುತ್ತದೆ. ನಿಫ್ಟಿ 500 ವ್ಯಾಲ್ಯೂ 50 ಸೂಚ್ಯಂಕ ಲಾಭ, ಪುಸ್ತಕ ಮೌಲ್ಯ, ಮಾರಾಟ, ಲಾಭಾಂಶ ನಾಲ್ಕನ್ನೂ ಬೆಲೆಯ ಎದುರು ಇಟ್ಟು ಐವತ್ತು ಷೇರು ಆರಿಸುತ್ತದೆ. ಅದು ನಿಜಕ್ಕೂ ಅಗ್ಗದ್ದು, ಆದರೆ ಸರ್ಕಾರಿ ಬ್ಯಾಂಕು, ಕಲ್ಲಿದ್ದಲು, ತೈಲ, ಲೋಹ ಎಂಬ ದೊಡ್ಡ ಹೆಸರುಗಳಿಂದ ತುಂಬಿರುತ್ತದೆ. ಎರಡನ್ನೂ ಅರ್ಧರ್ಧ ಕೊಂಡರೆ ಸಣ್ಣ ಮತ್ತು ಅಗ್ಗದ ಕಂಪನಿ ಸಿಗುತ್ತದೆ ಎಂದುಕೊಳ್ಳಬೇಡಿ. ದುಬಾರಿ ಸಣ್ಣದು ಅರ್ಧ, ಅಗ್ಗದ ದೊಡ್ಡದು ಅರ್ಧ ಸಿಗಬಹುದು.

ಹೆಜ್ಜೆ 3: ಡೈರೆಕ್ಟ್ ಪ್ಲ್ಯಾನ್, ಗ್ರೋತ್ ಆಯ್ಕೆ

2013ರ ಜನವರಿಯಿಂದ ಪ್ರತಿ ಫಂಡ್‌ಗೂ ಎರಡು ರೂಪ ಇವೆ. ರೆಗ್ಯುಲರ್ ಪ್ಲ್ಯಾನ್‌ನಲ್ಲಿ ಏಜೆಂಟ್ ಅಥವಾ ಬ್ಯಾಂಕಿನ ಕಮಿಷನ್ ನಿಮ್ಮ ಹಣದಿಂದಲೇ ವರ್ಷ ವರ್ಷ ಹೋಗುತ್ತದೆ. ಡೈರೆಕ್ಟ್‌ನಲ್ಲಿ ಅದು ಇಲ್ಲ. ಅಂತರ ಸುಮಾರು ಶೇ 1 ಇರುತ್ತದೆ. ತಿಂಗಳಿಗೆ 10,000 ರೂಪಾಯಿಯಂತೆ 15 ವರ್ಷ ಕಟ್ಟಿದರೆ, ವರ್ಷಕ್ಕೆ ಶೇ 12ರಂತೆ ಬೆಳೆದಾಗ 50.5 ಲಕ್ಷವಾಗುವ ಹಣ ಶೇ 11ರಂತೆ ಬೆಳೆದರೆ 45.9 ಲಕ್ಷವಾಗುತ್ತದೆ. ಶೇ 12 ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಇದಲ್ಲ, ಕಮಿಷನ್ನಿನ ಭಾರ ತೋರಿಸಲು ಹಾಕಿದ ಲೆಕ್ಕ. ಕುಸಿತದಲ್ಲಿ ಕೈಹಿಡಿದು 'ಮಾರಬೇಡಿ' ಎನ್ನುವ ಒಳ್ಳೆಯ ಸಲಹೆಗಾರರು ಸಿಕ್ಕರೆ ಆ ನಾಲ್ಕೂವರೆ ಲಕ್ಷ ದುಬಾರಿಯಲ್ಲ. ಠೇವಣಿ ನವೀಕರಿಸಲು ಹೋದಾಗ ಕೌಂಟರಿನಲ್ಲಿ ಅರ್ಜಿ ಮುಂದೆ ಚಾಚುವವರಿಗೆ ಅದನ್ನು ಕೊಡಬೇಕಾಗಿಲ್ಲ.

ಲಾಭವನ್ನು ಹಂಚದೆ ಫಂಡ್‌ನಲ್ಲೇ ಬೆಳೆಯಲು ಬಿಡುವ ಗ್ರೋತ್ ಆಯ್ಕೆಯನ್ನೇ ಗುರುತು ಮಾಡಿ. ಆದಾಯ ವಿತರಣೆಯ ಆಯ್ಕೆಯಲ್ಲಿ ಬರುವುದು ನಿಮ್ಮದೇ ಎನ್‌ಎವಿಯಿಂದ ಕತ್ತರಿಸಿಕೊಟ್ಟ ಹಣ, ಅದಕ್ಕೆ ನಿಮ್ಮ ದರದ ಆದಾಯ ತೆರಿಗೆ ಬೇರೆ.

ಕೆವೈಸಿಗೆ ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಸಾಕು. ಪ್ಯಾನ್‌ನಲ್ಲಿ 'ಮಂಜುನಾಥ ಎಸ್.', ಆಧಾರ್‌ನಲ್ಲಿ 'ಎಸ್. ಮಂಜುನಾಥ್' ಎಂದಿದ್ದರೆ ಮೊದಲು ಅದನ್ನು ಸರಿಪಡಿಸಿ. ನಮ್ಮ ಕಡೆ ಅರ್ಜಿಗಳು ಸಿಕ್ಕಿಬೀಳುವುದು ಹೆಚ್ಚಾಗಿ ಈ ಇನಿಶಿಯಲ್‌ಗಳಲ್ಲೇ. ಹಣ ನಿಮ್ಮ ಹೆಸರಿನ ಖಾತೆಯಿಂದಲೇ ಹೋಗಬೇಕು, ಮಗನ ಖಾತೆಯಿಂದ ಅಪ್ಪನ ಫಂಡ್‌ಗೆ ಕಟ್ಟಲಾಗದು. ಫಂಡ್ ಸಂಸ್ಥೆಯ ಜಾಲತಾಣದಲ್ಲೋ ಹಲವು ಸಂಸ್ಥೆಗಳ ಫಂಡ್‌ಗಳು ಒಂದೆಡೆ ಸಿಗುವ ಎಂಎಫ್ ಸೆಂಟ್ರಲ್‌ನಲ್ಲೋ ನೇರವಾಗಿ ಖಾತೆ ತೆರೆಯಬಹುದು. ನಾಮಿನಿ ಹೆಸರು ಹಾಕದೆ ಎದ್ದೇಳಬೇಡಿ. ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ 'ಸ್ಮಾಲ್ ಕ್ಯಾಪ್ ಫಂಡ್' ಎಂದು ಯುಪಿಐ ಸಂಖ್ಯೆ ಕಳಿಸುವವರು ಕಳ್ಳರು. ನಿಜವಾದ ಫಂಡ್‌ಗೆ ನೀವು ಹಣ ಕಟ್ಟಿದರೆ ಫಂಡ್‌ಗಳ ಲೆಕ್ಕಪತ್ರ ಇಡುವ ಸಿಎಎಂಎಸ್ ಅಥವಾ ಕೆಫಿನ್‌ಟೆಕ್‌ನ ಸಂಯೋಜಿತ ಖಾತಾ ವಿವರದಲ್ಲಿ ಅದು ಕಾಣಲೇಬೇಕು.

ಹೆಜ್ಜೆ 4: ಎಸ್‌ಐಪಿಯೋ ಇಡಿಗಂಟೋ

ಸಂಬಳದವರಿಗೆ ಎಸ್‌ಐಪಿ. ಸಂಬಳ ಬಂದ ಎರಡು ಮೂರು ದಿನದೊಳಗಿನ ತಾರೀಕು ಕೊಡಿ. ಯಾವ ತಾರೀಕು ಒಳ್ಳೆಯದು ಎಂಬ ಚರ್ಚೆಯಲ್ಲಿ ಹುರುಳಿಲ್ಲ.

ನಿವೃತ್ತಿಯ ಹಣವೋ ಜಮೀನು ಮಾರಿದ ಹಣವೋ ಕೈಗೆ ಬಂದವರು ಇಡಿಗಂಟನ್ನು ಒಮ್ಮೆಗೇ ಸುರಿಯಬೇಡಿ. ಅದೇ ಸಂಸ್ಥೆಯ ಲಿಕ್ವಿಡ್ ಫಂಡ್‌ನಲ್ಲಿಟ್ಟು 12ರಿಂದ 24 ತಿಂಗಳು ಎಸ್‌ಟಿಪಿ (ಒಂದು ಫಂಡ್‌ನಿಂದ ಇನ್ನೊಂದಕ್ಕೆ ಕಂತಿನಲ್ಲಿ ವರ್ಗಾವಣೆ) ಮೂಲಕ ಸ್ಮಾಲ್ ಕ್ಯಾಪ್ ಫಂಡ್‌ಗೆ ವರ್ಗಾಯಿಸಿ. ಪ್ರತಿ ವರ್ಗಾವಣೆಯೂ ಲಿಕ್ವಿಡ್ ಫಂಡ್‌ನ ಮಾರಾಟವೇ ಆದ್ದರಿಂದ ಅದರ ಸಣ್ಣ ಲಾಭಕ್ಕೆ ತೆರಿಗೆ ಬೀಳುತ್ತದೆ. ಅಡಿಕೆ, ಕಾಫಿ ಬೆಳೆಗಾರರಿಗೆ ತಿಂಗಳ ಕಂತು ಹೊಂದುವುದಿಲ್ಲ. ಕೊಯ್ಲಿನ ಹಣ ಲಿಕ್ವಿಡ್ ಫಂಡ್‌ಗೆ ಹಾಕಿ, ವರ್ಷವಿಡೀ ಎಸ್‌ಟಿಪಿ ಓಡಿಸಿದರೆ ಅದೇ ಕೆಲಸ ಆಗುತ್ತದೆ.

ಪೇಟೆ ಬಿದ್ದಾಗ ಹೆಚ್ಚು ಹಾಕಬೇಕೆಂಬ ಆಸೆ ಇರುವವರು ಮೊದಲೇ ಒಂದು ನಿಯಮ ಬರೆದಿಟ್ಟುಕೊಳ್ಳಲಿ: ಸ್ಮಾಲ್ ಕ್ಯಾಪ್ 250 ತನ್ನ ಶಿಖರದಿಂದ ಶೇ 25 ಬಿದ್ದರೆ ಒಂದು ಹೆಚ್ಚುವರಿ ಕಂತು, ಶೇ 40 ಬಿದ್ದರೆ ಎರಡು. ಟಿವಿ ನೋಡಿ ಆ ಹೊತ್ತಿನಲ್ಲಿ ತೀರ್ಮಾನ ಮಾಡುವವರ ಕೈ ನಡುಗುತ್ತದೆ.

ಹೆಜ್ಜೆ 5: ಕಾಯುವುದು, ವರ್ಷಕ್ಕೊಮ್ಮೆ ನೋಡುವುದು

ವರ್ಷಕ್ಕೊಮ್ಮೆ, ತೆರಿಗೆ ಲೆಕ್ಕ ಮಾಡುವ ಮಾರ್ಚ್‌ನಲ್ಲಿ, ಮೂರು ವಿಷಯ ನೋಡಿದರೆ ಸಾಕು. ಫಂಡ್‌ನ ಗಾತ್ರ ಎಷ್ಟಾಯಿತು? ಸೂಚ್ಯಂಕಕ್ಕೆ ಹೋಲಿಸಿದರೆ ಪಿ/ಇ ಎಲ್ಲಿದೆ? ಮ್ಯಾನೇಜರ್ ಅವರೇ ಇದ್ದಾರೆಯೇ? ಒಂದೆರಡು ವರ್ಷ ಸೂಚ್ಯಂಕಕ್ಕಿಂತ ಹಿಂದೆ ಬಿದ್ದಿತೆಂದು ಫಂಡ್ ಬದಲಿಸಬೇಡಿ. ಅಗ್ಗದ ಷೇರು ಹಿಡಿದ ಫಂಡ್‌ಗೆ ಅದು ಸಹಜ. ಆದರೆ ಮ್ಯಾನೇಜರ್ ಹೋಗಿ, ಹೊಸಬರು ಬಂದು, ಪಿ/ಇ ಸೂಚ್ಯಂಕವನ್ನೂ ಮೀರಿ ಏರಿದರೆ ನೀವು ಕೊಂಡ ಫಂಡ್ ಹೆಸರಿನಲ್ಲಿ ಮಾತ್ರ ಉಳಿದಿದೆ. ಆಗ ಎಸ್‌ಐಪಿ ನಿಲ್ಲಿಸಿ ಬೇರೆಡೆ ಶುರುಮಾಡಿ. ಹಳೆಯ ಯೂನಿಟ್‌ಗಳನ್ನು ತೆರಿಗೆ ನೋಡಿಕೊಂಡು ನಿಧಾನವಾಗಿ ತೆಗೆಯಬಹುದು.

ಶೇ 20 ಎಂದು ಇಟ್ಟುಕೊಂಡ ಪಾಲು ಪೇಟೆ ಏರಿ ಶೇ 30 ಆಗಿದ್ದರೆ ಹೆಚ್ಚುವರಿಯನ್ನು ತೆಗೆದು ಇಂಡೆಕ್ಸ್ ಫಂಡ್‌ಗೋ ಠೇವಣಿಗೋ ಹಾಕಿ. ಎಲ್ಲರೂ ಕೊಳ್ಳುವಾಗ ಮಾರುವುದು ಮನಸ್ಸಿಗೆ ಒಗ್ಗದ ಕೆಲಸ. ಪಾಲಿನ ಲೆಕ್ಕ ಇಟ್ಟುಕೊಂಡವರಿಗೆ ಮಾತ್ರ ಅದು ಸಾಧ್ಯ.

ಹೊರದೇಶದಲ್ಲಿ ಇರುವವರಿಗೆ

ಅನಿವಾಸಿ ಕನ್ನಡಿಗರು ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯ ಮೂಲಕ ಹೂಡಬಹುದು. ಊರಿನಲ್ಲಿದ್ದಾಗ ತೆರೆದ ಉಳಿತಾಯ ಖಾತೆಯಿಂದಲೇ ಎಸ್‌ಐಪಿ ಮುಂದುವರಿಸುವುದು ತಪ್ಪು, ಕೆವೈಸಿಯಲ್ಲಿ ಸ್ಥಾನಮಾನ ಬದಲಿಸಬೇಕು. ಮಾರಿದಾಗ ಲಾಭದ ಮೇಲೆ ಟಿಡಿಎಸ್ ಕಡಿತವಾಗುತ್ತದೆ. ಅಮೆರಿಕದಲ್ಲಿ ತೆರಿಗೆ ಕಟ್ಟುವವರು ಇನ್ನೂ ಎಚ್ಚರದಿಂದಿರಬೇಕು: ಅಲ್ಲಿನ ಕಾನೂನಿನ ಪ್ರಕಾರ ಭಾರತದ ಮ್ಯೂಚುವಲ್ ಫಂಡ್ ಪಿಫಿಕ್ ಎಂಬ ಕಠಿಣ ತೆರಿಗೆಯ ವರ್ಗಕ್ಕೆ ಸೇರುತ್ತದೆ. ಪ್ರತಿ ಫಂಡ್‌ಗೂ 8621 ಸಂಖ್ಯೆಯ ಅರ್ಜಿ ತುಂಬಬೇಕಾಗಬಹುದು. ಅವರಿಗೆ ಅಲ್ಲಿಯೇ ಸಿಗುವ ಸ್ಮಾಲ್ ಕ್ಯಾಪ್ ವ್ಯಾಲ್ಯೂ ಇಂಡೆಕ್ಸ್ ಫಂಡ್ ಸುಲಭದ ದಾರಿ.

ಹೆಜ್ಜೆ 6: ತೆಗೆಯುವುದು ಮತ್ತು ತೆರಿಗೆ

ಗುರಿಗೆ ಮೂರು ವರ್ಷ ಇರುವಾಗಲೇ ತೆಗೆಯಲು ಶುರುಮಾಡಿ. 2035ಕ್ಕೆ ಹಣ ಬೇಕಿದ್ದರೆ 2032ರಿಂದ ವರ್ಷಕ್ಕೆ ಮೂರನೇ ಒಂದು ಭಾಗ ಠೇವಣಿಗೆ ಸಾಗಿಸಿ. ಕೊನೆಯ ವರ್ಷ ಪೇಟೆ ಬಿದ್ದರೂ ಮೂರರಲ್ಲಿ ಎರಡು ಭಾಗ ಭದ್ರವಾಗಿರುತ್ತದೆ.

ಹೆಚ್ಚಿನ ಸ್ಮಾಲ್ ಕ್ಯಾಪ್ ಫಂಡ್‌ಗಳಲ್ಲಿ ಒಂದು ವರ್ಷದೊಳಗೆ ತೆಗೆದರೆ ಶೇ 1 ಎಕ್ಸಿಟ್ ಲೋಡ್, ಅಂದರೆ ಹೊರಹೋಗುವ ಶುಲ್ಕ, ಇದೆ. ತೆರಿಗೆಯ ಮಾತಿಗೆ ಬಂದರೆ, 2024ರ ಜುಲೈ 23ರಿಂದ ಜಾರಿಗೆ ಬಂದ ದರದಂತೆ 12 ತಿಂಗಳೊಳಗೆ ಮಾರಿದ ಲಾಭಕ್ಕೆ ಶೇ 20, ಅದಕ್ಕೂ ಹೆಚ್ಚು ಕಾಲ ಇಟ್ಟದ್ದಕ್ಕೆ ಆರ್ಥಿಕ ವರ್ಷದಲ್ಲಿ 1.25 ಲಕ್ಷ ರೂಪಾಯಿ ಮೀರಿದ ಲಾಭದ ಮೇಲೆ ಶೇ 12.5. ದೀರ್ಘಾವಧಿ ಲಾಭ 2 ಲಕ್ಷ ಬಂದರೆ 75,000ಕ್ಕೆ ಮಾತ್ರ ತೆರಿಗೆ: 9,375 ರೂಪಾಯಿ, ಶೇ 4 ಸೆಸ್ ಸೇರಿ 9,750. ಬಜೆಟ್‌ನಲ್ಲಿ ಈ ದರಗಳು ಬದಲಾಗುವುದುಂಟು, ಮಾರುವ ವರ್ಷದ ದರವನ್ನು ನೋಡಿಕೊಳ್ಳಿ.

ಎಸ್‌ಐಪಿಯ ಪ್ರತಿ ಕಂತಿಗೂ ಬೇರೆ ಬೇರೆ 12 ತಿಂಗಳು ಲೆಕ್ಕ. ಮಾರುವಾಗ ಮೊದಲು ಕೊಂಡ ಯೂನಿಟ್ ಮೊದಲು ಹೋಗುತ್ತದೆ. ಆದ್ದರಿಂದ ಐದು ವರ್ಷ ಕಟ್ಟಿ ಸ್ವಲ್ಪ ಭಾಗ ತೆಗೆದರೆ ಇತ್ತೀಚಿನ ಕಂತುಗಳ ಅಲ್ಪಾವಧಿ ತೆರಿಗೆಯ ಭಯ ಬೇಡ. ಮೂರು ವರ್ಷಕ್ಕೆ ಹಂಚಿ ತೆಗೆದರೆ ಪ್ರತಿ ವರ್ಷದ 1.25 ಲಕ್ಷದ ವಿನಾಯಿತಿಯೂ ಮೂರು ಬಾರಿ ಸಿಗುತ್ತದೆ. ಮಧ್ಯಾಹ್ನ 3 ಗಂಟೆಯೊಳಗೆ ಕೊಟ್ಟ ಕೋರಿಕೆಗೆ ಆ ದಿನದ ಎನ್‌ಎವಿ, ಹಣ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ. ಜುಲೈನಲ್ಲಿ ರಿಟರ್ನ್ ತುಂಬುವಾಗ ಸಿಎಎಂಎಸ್ ಮತ್ತು ಕೆಫಿನ್‌ಟೆಕ್ ಎರಡರಿಂದಲೂ ಬಂಡವಾಳ ಲಾಭದ ವಿವರ ಇಳಿಸಿಕೊಂಡು, ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪತ್ರದ ಜೊತೆ ತಾಳೆ ನೋಡಿ ಸಲ್ಲಿಸಿ.